ಭಾಷೆ ಎಲ್ಲರದು, ಕೈಪಿಡಿ ಅವರದು

ಮಗಾ, ಬೇರೆ ಕಂಪನಿಯ ಪ್ರೋಗ್ರಾಮಿಂಗ್ ಭಾಷೆಯನ್ನು ಓಡಿಸುವ ತಂತ್ರಾಂಶವನ್ನು ಶಿಡ್ಲಘಟ್ಟದ ಮನೆಯಲ್ಲೇ ಕೂತು ಬರೆಯುತ್ತಿದ್ದೀಯಂತೆ, ನಿಮ್ಮಪ್ಪ ಹೇಳಿದ. ಅವನಿಗೆ ಕೋರ್ಟಿನ ಭಯ. ಚಿಂತಾಮಣಿ ಕೋರ್ಟಿನಲ್ಲೇ ತಲೆ ನರೆತ ನಿನ್ನ ದೊಡ್ಡಪ್ಪ ಹೇಳುತ್ತೇನೆ, ಧೈರ್ಯವಾಗಿ ಬರೆ.

ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಪ್ರೋಗ್ರಾಂ ಕೂಡ ಸಾಹಿತ್ಯ ಕೃತಿಯೇ. ಆದರೆ ರಕ್ಷಣೆ ಬರೆದ ಕೋಡಿಗೆ, ಅದರ ಹಿಂದಿನ ಆಲೋಚನೆಗಲ್ಲ. ಸರಿಯಾಗಿ ಕೊಂಡು ತಂದ ಪ್ರೋಗ್ರಾಂ ಹೇಗೆ ನಡೆಯುತ್ತದೆಂದು ಓಡಿಸಿ, ಗಮನಿಸಿ ತಿಳಿಯಲು 52ನೇ ಕಲಮು ಅವಕಾಶ ಕೊಟ್ಟಿದೆ. ಕೆ.ಪಿ. ರಾವ್ ರೂಪಿಸಿದ ಕನ್ನಡ ಕೀಲಿಮಣೆ ವಿನ್ಯಾಸವನ್ನೇ ನೋಡು. ಬೇರೆ ಬೇರೆಯವರು ತಮ್ಮ ತಮ್ಮ ತಂತ್ರಾಂಶಗಳಲ್ಲಿ ಅಳವಡಿಸಿದ್ದರಿಂದಲೇ, 'ನುಡಿ' ತಂತ್ರಾಂಶದಲ್ಲಿ ಕಲಿತ ಬೆರಳು ಇನ್ನೊಂದು ತಂತ್ರಾಂಶದಲ್ಲೂ ತಡವರಿಸದೆ ಓಡುತ್ತದೆ.

ಎಡವುವ ಜಾಗ ಬೇರೆ. ಇಂಗ್ಲೆಂಡಿನ ವರ್ಲ್ಡ್ ಪ್ರೋಗ್ರಾಮಿಂಗ್ ಎಂಬ ಕಂಪನಿ ನೀನು ಮಾಡುತ್ತಿರುವುದನ್ನೇ ಮಾಡಿತು. ಅಮೆರಿಕದ ಸ್ಯಾಸ್ ಕಂಪನಿಯ ಭಾಷೆಗೆ ತನ್ನದೇ ತಂತ್ರಾಂಶ ಕಟ್ಟಿತು, ಸ್ಯಾಸ್‌ನ ಮೂಲ ಕೋಡ್ ನೋಡದೆ. ಪ್ರೋಗ್ರಾಂ ನಿರ್ವಹಿಸುವ ಕೆಲಸಕ್ಕಾಗಲಿ, ಅದರ ಭಾಷೆಗಾಗಲಿ ಪ್ರೋಗ್ರಾಮಿಗೆ ಸಿಗುವ ಕೃತಿಸ್ವಾಮ್ಯ ಸಿಗದು ಎಂದು ಐರೋಪ್ಯ ಒಕ್ಕೂಟದ ನ್ಯಾಯಾಲಯ 2012ರ ಮೇ 2ರಂದು ಹೇಳಿತು. ಗೆದ್ದರಲ್ಲ ಅನ್ನಬೇಡ. ಲಂಡನ್ನಿನ ಹೈಕೋರ್ಟಿನಲ್ಲಿ ಅವರ ಕೈಪಿಡಿ ಸಿಕ್ಕಿಬಿತ್ತು, ಸ್ಯಾಸ್ ಕೈಪಿಡಿಯ ಮಾತುಗಳೇ ಅದರೊಳಗೆ ನುಸುಳಿದ್ದವು. ಅಮೆರಿಕದಲ್ಲಿ ಇನ್ನೂ ದೊಡ್ಡ ಪೆಟ್ಟು. ಸ್ಯಾಸ್ ಕಲಿಕೆಗೆಂದು ಕೊಡುತ್ತಿದ್ದ ಆವೃತ್ತಿಯನ್ನು, ಅದರ ಪರವಾನಗಿಯ ಷರತ್ತು ಪಾಲಿಸುವುದಾಗಿ ನಂಬಿಸಿ ವಂಚನೆಯಿಂದ ಪಡೆದದ್ದಕ್ಕೆ 2015ರಲ್ಲಿ ಜ್ಯೂರಿ ಅವರ ವಿರುದ್ಧ ತೀರ್ಪು ಕೊಟ್ಟಿತು. ಪರಿಹಾರದ ಮೊತ್ತ ಮೂರುಪಟ್ಟಾಗಿ 7.9 ಕೋಟಿ ಡಾಲರ್ ಆಯಿತು.

ಆದ್ದರಿಂದ ನೀನು ಓಡಿಸಹೊರಟ ಭಾಷೆಯ ಕಂಪನಿಯವರ ಕೈಪಿಡಿ ಓದು, ಮುಚ್ಚಿಡು, ಆಮೇಲೆ ನಿನ್ನ ಮಾತಿನಲ್ಲಿ ಬರೆ. ಅದರಲ್ಲಿನ ಉದಾಹರಣೆಗಳನ್ನೂ ಎತ್ತಬೇಡ, ಪರೀಕ್ಷೆಗೆ ಬೇಕಾದದ್ದನ್ನು ನೀನೇ ಹೆಣೆ. ಯಾವುದನ್ನು ಎಲ್ಲಿಂದ ತಿಳಿದೆ ಎಂದು ತಾರೀಖು ಹಾಕಿ ಒಂದು ಪುಸ್ತಕದಲ್ಲಿ ಗುರುತು ಮಾಡಿಕೊ. ಆ ಕಂಪನಿಯಲ್ಲಿ ಕೆಲಸ ಮಾಡಿ ಬಂದ ಗೆಳೆಯ ಅವರ ಕೋಡ್ ತೋರಿಸುತ್ತೇನೆ ಅಂದರೆ, ಸ್ನೇಹ ಕೆಟ್ಟರೂ ಸರಿ, ನೋಡಬೇಡ. 'ಒಪ್ಪುತ್ತೇನೆ' ಎಂಬ ಗುಂಡಿ ಒತ್ತುವ ಮೊದಲು ಪೂರ್ತಿ ಓದು. ಹಾಗೆ ಒತ್ತಿದ್ದೂ ಸಹಿಯೇ.

ಇನ್ನೊಂದು, ನೌಕರಿಯ ಭಾಗವಾಗಿ ಬರೆದದ್ದಕ್ಕೆ 17ನೇ ಕಲಮಿನ ಪ್ರಕಾರ ಮಾಲೀಕನೇ ಮೊದಲ ಒಡೆಯ. ನೀನು ನೌಕರಿ ಮಾಡುವ ಕಂಪನಿಯ ಲ್ಯಾಪ್‌ಟಾಪಿನಲ್ಲಿ, ಆ ಕಂಪನಿಯ ಹೊತ್ತಿನಲ್ಲಿ ಇದನ್ನು ಮುಟ್ಟಬೇಡ. ಭಾನುವಾರ ಬರುವಾಗ ನಿನ್ನ ನೇಮಕದ ಪತ್ರ, ಆ ತಂತ್ರಾಂಶದ ಪರವಾನಗಿ ಎರಡನ್ನೂ ತಾ. ಕೂತು ಸಾಲು ಸಾಲಾಗಿ ಓದೋಣ.