‘ಜಾಲ’ ಮತ್ತು ‘ದೂರ’: ಅನುವಾದದ ಒಂದು ಪಾಠ

ಹಸಿರು ಕಟ್ಟಡಗಳಿಗೆ ಮನ್ನಣೆ ನೀಡುವ ಲೀಡ್ ಪದ್ಧತಿಯ 4ನೆಯ ಆವೃತ್ತಿಯಲ್ಲಿ ಸೈಕಲ್ ಜಾಲದ ನಿಯಮವೊಂದುಂಟು. ಕಟ್ಟಡದ ಬಾಗಿಲಿನಿಂದ 180 ಮೀಟರಿನೊಳಗೆ ಜಾಲ ಸಿಗಬೇಕು. ಅದು 4,800 ಮೀಟರಿನೊಳಗಿನ ರೈಲು ನಿಲ್ದಾಣವನ್ನೋ 10 ಬಗೆಯ ಅಂಗಡಿ, ಸೇವಾತಾಣಗಳನ್ನೋ ಮುಟ್ಟಿಸಬೇಕು. ಅನುವಾದಕನು ಎರಡನ್ನೂ ಬರಿದೇ ‘ದೂರ’ವೆಂದರೆ ನಿಯಮವೇ ಕೆಡುತ್ತದೆ. ಮೊದಲನೆಯದು ನಡಿಗೆಯ ಇಲ್ಲವೇ ಸವಾರಿಯ ದೂರ, ಎರಡನೆಯದು ಸವಾರಿಯ ದೂರ ಮಾತ್ರ. ನಕಾಶೆಯ ಮೇಲೆಳೆದ ನೇರಗೆರೆ ಎರಡೂ ಅಲ್ಲ. ಹಳ್ಳವೋ ರೈಲುಹಳಿಯೋ ಅಡ್ಡಬಂದರೆ ಸುತ್ತುದಾರಿಯೂ ಲೆಕ್ಕಕ್ಕೆ ಸೇರುತ್ತದೆ.

‘ಜಾಲ’ವು ಮರಾಠಿಯ ‘ಜಾಳೆ’ಯ ಒಡಹುಟ್ಟು, ಎರಡಕ್ಕೂ ಬಲೆಯೆಂದೇ ಮೂಲಾರ್ಥ. (ಕನ್ನಡದಲ್ಲಿ ಮೋಸದ ನೆರಳೂ ಇದೆಯೆನ್ನಿ.) ಮೂಲದ ‘ಅಖಂಡ’ವೆಂಬ ವಿಶೇಷಣವನ್ನಂತೂ ಕೈಬಿಡಲಾಗದು. ಪ್ರತ್ಯೇಕ ಸೈಕಲ್ ಪಥವೂ ಗಂಟೆಗೆ 40 ಕಿ.ಮೀ. ವೇಗಮಿತಿಯ ಬೀದಿಯೂ ಕೂಡಿ ಜಾಲವಾಗಬಹುದು; ನಡುವೆ ಹೆದ್ದಾರಿಯ ತುಂಡೊಂದು ಬಂದರೆ, ಬಾಗಿಲ ಮುಂದೆ ಎಷ್ಟೇ ಸೈಕಲ್ ಸ್ಟ್ಯಾಂಡುಗಳಿದ್ದರೂ ಅಂಕ ದೊರೆಯದು.