ಪ್ರಶ್ನೆ ಮೊದಲು, ಶಾಸ್ತ್ರ ಆಮೇಲೆ

ಸಾಗರ

ಚಿ. ಸುಮಾಳಿಗೆ,

ನೀನು ಕಳಿಸಿದ ಪಿಎಚ್.ಡಿ. ಸಿನಾಪ್ಸಿಸ್ ಓದಿದೆ. ‘ಮಲೆನಾಡಿನ ಪರಿಸರ ಮತ್ತು ಆರೋಗ್ಯ: ಒಂದು ಅಂತರಶಿಸ್ತೀಯ ಅಧ್ಯಯನ.’ ಹೆಸರೇನೋ ಗಂಭೀರವಾಗಿದೆ ಕೂಸೇ, ಆದರೆ ಅದು ವಿಷಯವಾಯಿತೇ ಹೊರತು ಪ್ರಶ್ನೆಯಾಗಲಿಲ್ಲ. ವಿಷಯದ ಬಗ್ಗೆ ಎಷ್ಟು ಬೇಕಾದರೂ ಬರೆಯಬಹುದು. ಪ್ರಶ್ನೆಗಾದರೋ ಉತ್ತರ ಸಿಗಬೇಕು. ಆ ಉತ್ತರ ತಪ್ಪಿದ್ದರೆ ತಪ್ಪೆಂದು ತಿಳಿಯುವ ದಾರಿಯೂ ಇರಬೇಕು.

ನಮ್ಮ ಜಿಲ್ಲೆಯದೇ ಸಂಗತಿ ನೋಡು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸತ್ತು ಬಿದ್ದವು, ಜನರಿಗೂ ಜ್ವರ ಬಂತು. ಊರವರು ಎರಡನ್ನೂ ಜೋಡಿಸಿ ‘ಮಂಗನ ಕಾಯಿಲೆ’ ಎಂದರು. ದಕ್ಷಿಣ ಅಮೆರಿಕದಲ್ಲಿ ಮಂಗಗಳ ಸಾವು ಹಳದಿ ಜ್ವರದ ಮುನ್ಸೂಚನೆ. ಏಷ್ಯಾದಲ್ಲಿ ಅದುವರೆಗೆ ಕಾಣದ ಆ ಜ್ವರವೇ ಬಂತೇ ಎಂದು ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಅನುಮಾನಿಸಿದರು. ಪ್ರಾಕ್ಕಲ್ಪನೆ ಎಂದರೆ ಪರೀಕ್ಷಿಸಬಹುದಾದ ಇಂಥ ಅನುಮಾನವೇ. ವೈರಸ್ಸನ್ನು ಬೇರ್ಪಡಿಸಿ ಪರೀಕ್ಷಿಸಿದರೆ, ಅದು ರಷ್ಯಾದಲ್ಲಿ ಉಣುಗು ಹರಡುವ ಮಿದುಳುಜ್ವರದ ವೈರಸ್ಸಿನ ಸಂಬಂಧಿ! ಮೊದಲ ಅನುಮಾನ ಬಿದ್ದುಹೋಯಿತು. ಗಮನ ಹಳದಿ ಜ್ವರ ಹರಡುವ ಸೊಳ್ಳೆಯನ್ನು ಬಿಟ್ಟು ಉಣುಗಿನ ಕಡೆ ತಿರುಗಿತು.

ಆಗ ಮಂಗನ ಪಾತ್ರವೂ ಬದಲಾಯಿತು. ನಮ್ಮ ಹಾಗೆ ಅದೂ ಉಣುಗು ಕಚ್ಚಿಸಿಕೊಂಡು ನರಳುವ ಜೀವಿ. ಸತ್ತ ಮಂಗನ ಮೈಯಿಂದ ಉದುರಿದ ಉಣುಗುಗಳೇ ಅಪಾಯ. ಎರಡು ಸಂಗತಿಗಳು ಒಟ್ಟಿಗೆ ನಡೆದವೆಂದರೆ ಅದು ಸಹಸಂಬಂಧ ಮಾತ್ರ. ಯಾವುದು ಯಾವುದಕ್ಕೆ ಕಾರಣವೆಂದು ಬೇರೆಯಾಗಿಯೇ ಸಾಧಿಸಬೇಕು. ಹಾಗೆಂದು ಊರವರ ಮಾತನ್ನು ತಳ್ಳಿಹಾಕಬೇಡ, ಮೊದಲ ಸುಳಿವು ಕೊಟ್ಟದ್ದು ಅವರೇ.

ರಷ್ಯಾದ ನಂಟು ಕಂಡ ಮೇಲೆ ಇನ್ನೊಂದು ಪ್ರಶ್ನೆ ಎದ್ದಿತು: ವಲಸೆ ಹಕ್ಕಿಗಳು ಇದನ್ನು ಹೊತ್ತು ತಂದವೇ? ಪಕ್ಷಿತಜ್ಞ ಸಲೀಂ ಅಲಿಯವರ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿತು. ಹಕ್ಕಿಗಳ ಮೇಲಿನ ಆರೋಪ ರುಜುವಾಗಲಿಲ್ಲ. ವಲಸೆಯ ಬಗ್ಗೆ ಮಾತ್ರ ಅಪಾರ ದತ್ತಾಂಶ ಸಿಕ್ಕಿತು. 1969ರಲ್ಲಿ ಹೋರ್ಹೆ ಬೋಶೆಲ್ ಎಂಬ ವಿಜ್ಞಾನಿ ಕಾಡಿನ ಬದಲಾವಣೆಯತ್ತಲೇ ಬೆರಳು ತೋರಿದರು. ಕಾಡು ಕಡಿದು ಗದ್ದೆಯಾಯಿತು, ಅಂಚಿನಲ್ಲಿ ದನ ಮೇದವು, ಬಲಿತ ಉಣುಗುಗಳಿಗೆ ದನದ ರಕ್ತ ಸಿಕ್ಕಿ ಅವುಗಳ ಸಂತತಿ ಹೆಚ್ಚಿತು. ರೋಗದ ಕಥೆ ಹೀಗೆ ಪ್ರಯೋಗಾಲಯದಿಂದ ಹೊರಟು ಭೂಬಳಕೆಗೆ, ಸೊಪ್ಪು-ಸೌದೆಗೆ ಹೋಗುವವರ ಬದುಕಿಗೆ ಬಂದು ಮುಟ್ಟಿತು.

ಇಲ್ಲಿ ಯಾರೂ ಶಾಸ್ತ್ರಗಳನ್ನು ಮೊದಲೇ ಆರಿಸಿಕೊಂಡು ಕೂರಲಿಲ್ಲ. ಒಂದರ ಉತ್ತರವೇ ಇನ್ನೊಂದನ್ನು ಕರೆಯಿತು. ನಿನ್ನ ಸಿನಾಪ್ಸಿಸ್‌ನಲ್ಲಿ ಸಮಾಜಶಾಸ್ತ್ರಕ್ಕೊಂದು ಅಧ್ಯಾಯ, ಪರಿಸರಕ್ಕೊಂದು, ವೈದ್ಯಕ್ಕೊಂದು ಇವೆ. ಅವು ಒಂದರ ಪಕ್ಕ ಒಂದು ಕೂತಿವೆ, ಮಾತಾಡುತ್ತಿಲ್ಲ. ಮೂರನೆಯ ಅಧ್ಯಾಯವನ್ನು ತೆಗೆದರೆ ಮೊದಲನೆಯದಕ್ಕೆ ಏನೂ ಆಗದಿದ್ದರೆ ಅದು ಬಹುಶಿಸ್ತೀಯ, ಅಂತರಶಿಸ್ತೀಯವಲ್ಲ.

ವಿಧಾನವೂ ಪ್ರಶ್ನೆಯನ್ನೇ ಹಿಂಬಾಲಿಸಲಿ. ಎಷ್ಟು ಜನ ಮಂಗನ ಕಾಯಿಲೆಯ ಲಸಿಕೆ ಬೇಡವೆಂದರು ಎಂದು ತಿಳಿಯಲು ಸಮೀಕ್ಷೆ ಮಾಡು. ಏಕೆ ಬೇಡವೆಂದರು ಎಂದು ತಿಳಿಯಲು ಜಗಲಿಯಲ್ಲಿ ಕೂತು ಮಾತಾಡಿಸು. ಎಂಥ ಪುರಾವೆ ಸಿಕ್ಕರೆ ನಿನ್ನ ಪ್ರಾಕ್ಕಲ್ಪನೆ ಬಿಡುತ್ತೀ ಎಂಬುದನ್ನು ಊರಿಗೆ ಹೊರಡುವ ಮೊದಲೇ ಬರೆದಿಡು. ಬೇರೆ ಶಾಸ್ತ್ರದಲ್ಲಿ ಪಂಡಿತಳಾಗಬೇಕಿಲ್ಲ. ಬಲ್ಲವರ ಬಳಿ ಸರಿಯಾಗಿ ಕೇಳುವಷ್ಟು ಕಲಿತರೆ ಸಾಕು.

ಗೈಡ್‌ಗೆ ತೋರಿಸುವ ಮೊದಲು ಒಂದೇ ವಾಕ್ಯ ಬರೆದು ನನಗೆ ಕಳಿಸು. ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಇದ್ದರಷ್ಟೇ ಓದುತ್ತೇನೆ!

ಇಂತಿ,
ನಿನ್ನ ದೊಡ್ಡಪ್ಪ