ಉಲ್ಲೇಖದಿಂದ ಆಕರಕ್ಕೆ ಒಂದೇ ಜಿಗಿತ

ಲೇಟೆಕ್‌ನಲ್ಲಿ ಪ್ರಾಜೆಕ್ಟ್ ವರದಿ ಬರೆಯುವ ಗೆಳೆಯರೇ, ಇಲ್ಲದ ಕೀಲಿಯನ್ನು ಉಲ್ಲೇಖಿಸಿದರೆ ಪುಟದಲ್ಲಿ ಪ್ರಶ್ನಾರ್ಥಕ ಚಿಹ್ನೆ ಬರುತ್ತದೆ; ಇರುವ ಕೀಲಿಯನ್ನೇ ತಪ್ಪಾಗಿ ಹಾಕಿದರೆ ಏನೂ ಬರುವುದಿಲ್ಲ. ‘ಟ್ಯೂರಿಂಗ್1950’ ಬದಲು ‘ಟ್ಯೂರಿಂಗ್1936’ ಎಂದಿದ್ದರೆ, ಯಂತ್ರ ಯೋಚಿಸಬಲ್ಲದೇ ಎಂಬ ಚರ್ಚೆ ಗಣಿಸಬಲ್ಲ ಸಂಖ್ಯೆಗಳ ಪ್ರಬಂಧದ ತಲೆಗೆ ಬೀಳುತ್ತದೆ. ಹದೀಸ್ ಕೇಳಿದರೆ ಸನದ್ ಎಲ್ಲಿ ಎನ್ನುವ ನಮಗೆ ಇದು ಸಣ್ಣ ವಿಷಯವಲ್ಲ.

ನಾನು ವಿಮ್‌ನಲ್ಲಿ ಹೀಗೆ ನೋಡುತ್ತೇನೆ. ಯೂನಿವರ್ಸಲ್ ಸಿಟ್ಯಾಗ್ಸ್ ಹಾಕಿಕೊಂಡು, ವರದಿಯ ಫೋಲ್ಡರಿನಲ್ಲಿ ‘ಸಿಟ್ಯಾಗ್ಸ್ -ಆರ್’ (ದೊಡ್ಡ ಆರ್) ಕಮಾಂಡ್ ಕೊಟ್ಟರೆ ಬಿಬ್ ಫೈಲಿನ ಕೀಲಿಗಳೆಲ್ಲ ಪಟ್ಟಿಯಾಗುತ್ತವೆ. ಕರ್ಸರನ್ನು ಕೀಲಿಯ ಮೇಲಿಟ್ಟು ಕಂಟ್ರೋಲ್ ಜೊತೆ ಬಲಗಡೆಯ ಚೌಕ ಬ್ರಾಕೆಟ್ ಒತ್ತಿದರೆ ಸೀದಾ ಆ ನಮೂದಿಗೆ. ಕಂಟ್ರೋಲ್-ಟಿ ಒತ್ತಿದರೆ ವಾಪಸ್. ಕೀಲಿಯಲ್ಲಿ ಹೈಫನ್ ಇದ್ದರೆ ವಿಮ್ ಅರ್ಧಕ್ಕೇ ನಿಲ್ಲುತ್ತದೆ, ಪೂರ್ತಿ ಆಯ್ದುಕೊಂಡು ಒತ್ತಿ. ಹೊಸ ಆಕರ ಸೇರಿಸಿದಾಗ ಸಿಟ್ಯಾಗ್ಸ್ ಮತ್ತೊಮ್ಮೆ ಓಡಿಸಬೇಕು.